ಷರಾ ಕಾಲಮ್ಮಿನ ಹೆಂಗಸು

ಡಿಗ್ರಿಯ ನಾಲ್ಕನೇ ವರ್ಷದಲ್ಲಿ ಸಂಶೋಧನೆ ಮಾಡಬೇಕು ಅಂದ್ರೆ ಯುಜಿಸಿ ಚೌಕಟ್ಟಿನ ಪ್ರಕಾರ ಮೊದಲ ಆರು ಸೆಮಿಸ್ಟರಿನಲ್ಲಿ ಶೇಕಡ 75 ತೆಗೆದಿರಬೇಕು. ಬರೆಯುವ ಪ್ರಬಂಧಕ್ಕೆ 12 ಕ್ರೆಡಿಟ್. ನಾಲ್ಕು ವರ್ಷದ 160 ಕ್ರೆಡಿಟ್ಟಿನಲ್ಲಿ ಹನ್ನೆರಡು. ಈ ಲೆಕ್ಕವನ್ನು ಮೊದಲೇ ಯಾಕೆ ಹೇಳ್ತಿದೀನಿ ಅಂದ್ರೆ, ಆ ಹನ್ನೆರಡು ಕ್ರೆಡಿಟ್ಟು ನನಗೆ ಸಿಕ್ಕಿದ್ದು ನೂರಿಪ್ಪತ್ತೈದು ವರ್ಷದ ಹಿಂದೆ ಬೆಂಗಳೂರು ಪೇಟೆಯಲ್ಲಿ ಬದುಕಿದ್ದ ಕೆಲವರ ಕಷ್ಟದಿಂದ. ಅವರು ನನಗೆ ಅನುಮತಿ ಕೊಟ್ಟಿರಲಿಲ್ಲ. ಕೇಳುವ ದಾರಿಯೂ ಇರಲಿಲ್ಲ. ಇದು ಸರಿಯಾ?

2021ರಲ್ಲಿ ಬಿಎಗೆ ಸೇರಿದ ಬ್ಯಾಚು ನಮ್ಮದು. ಕರ್ನಾಟಕದಲ್ಲಿ ನಾಲ್ಕು ವರ್ಷದ ಡಿಗ್ರಿ ಶುರುವಾಗಿದ್ದೇ ಆ ವರ್ಷ. 2024ರ ಮೇ ತಿಂಗಳಲ್ಲಿ ಸರ್ಕಾರ ಅದನ್ನು ಮತ್ತೆ ಮೂರಕ್ಕೆ ಇಳಿಸಿ, ಆಗಲೇ ಒಳಗಿದ್ದವರು ಬೇಕಾದರೆ ನಾಲ್ಕನೇ ವರ್ಷ ಓದಿಕೊಳ್ಳಲಿ ಅಂತು. ನಮ್ಮ ಕ್ಲಾಸಿನಿಂದ ಉಳಿದವರು ಇಬ್ಬರೇ. ಉಳಿದವರೆಲ್ಲ ಕೆಲಸಕ್ಕೋ ಬಿ.ಎಡ್‌ಗೋ ಹೋದರು. "ಹಿಸ್ಟರಿ ಓದಿ ಏನ್ ಮಾಡ್ತೀಯಮ್ಮ, ಅದರಲ್ಲೂ ಇನ್ನೊಂದು ವರ್ಷ?" ಅಂತ ನಮ್ಮ ಚಿಕ್ಕಪ್ಪ ಪ್ರತಿ ಹಬ್ಬಕ್ಕೂ ತಪ್ಪದೆ ಕೇಳುತ್ತಿದ್ದರು. ಆ ಪ್ರಶ್ನೆಗೆ ಈಗ ಸಂಬಳದ ಸ್ಲಿಪ್ಪು ಉತ್ತರ ಕೊಡ್ತಿದೆ, ಬಿಡಿ. ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಅದನ್ನು ಯಾವ ಚಿಕ್ಕಪ್ಪನೂ ಕೇಳಲಿಲ್ಲ.

ನಾನು ಆರಿಸಿಕೊಂಡ ವಿಷಯ 1898ರ ಬೆಂಗಳೂರಿನ ಪ್ಲೇಗು. 1896ರಲ್ಲಿ ಮುಂಬೈಗೆ ಬಂದ ಪ್ಲೇಗು 1898ರ ಆಗಸ್ಟಿನಲ್ಲಿ ಹುಬ್ಬಳ್ಳಿ ಕಡೆಯಿಂದ ರೈಲು ಹತ್ತಿ ಬೆಂಗಳೂರಿಗೆ ಇಳಿಯಿತು. ಪೇಟೆ ಖಾಲಿಯಾಗತೊಡಗಿತು. ಇವತ್ತು ನಾವು ಫಿಲ್ಟರ್ ಕಾಫಿ ಕುಡಿಯೋಕೆ ಹೋಗುವ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳ ಯೋಜನೆ ಅದಕ್ಕೂ ಮೊದಲಿನದೇ ಆದರೂ, ಜನ ಅಲ್ಲಿಗೆ ಹೋಗಿ ನೆಲೆಸುವ ಅವಸರ ಹುಟ್ಟಿದ್ದು ಪ್ಲೇಗಿನಿಂದ. ಊರಿನಲ್ಲಿ ಅಲ್ಲಲ್ಲಿ ಪ್ಲೇಗಮ್ಮನ ಗುಡಿಗಳು ಇನ್ನೂ ಇವೆ. ನಮ್ಮ ಅಜ್ಜಿಯ ಬೈಗುಳದಲ್ಲಂತೂ ಪ್ಲೇಗು ಕೊನೆಯ ತನಕ ಜೀವಂತವಾಗಿತ್ತು. ಪಾಪ, ಆಕೆ ಹುಟ್ಟುವ ಹೊತ್ತಿಗೆ ಅದು ಬಹುಮಟ್ಟಿಗೆ ಹೋಗಿಯಾಗಿತ್ತು, ಬೈಗುಳ ಮಾತ್ರ ಆಸ್ತಿಯ ಹಾಗೆ ಅವರಮ್ಮನಿಂದ ಬಂದಿತ್ತು.

ಕಾಲೇಜಿನ ಪತ್ರ ಹಿಡಿದು ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಕೆಲವು ತಿಂಗಳು ಓಡಾಡಿದೆ. ನನಗೆ ಬೇಕಿದ್ದದ್ದು ದೊಡ್ಡ ಸಂಗತಿಯೇನಲ್ಲ: ಅಧಿಕಾರಿಗಳು ಮನೆಯಿಂದ ಕ್ಯಾಂಪಿಗೆ ಹೊರಡಿ ಅಂದಾಗ ಪೇಟೆಯ ಜನ ಏನು ಮಾಡಿದರು, ಅಷ್ಟೆ. ಒಂದು ಫೈಲಿನಲ್ಲಿ, ಕ್ಯಾಂಪಿಗೆ ಸಾಗಿಸಿದವರ ಪಟ್ಟಿಯೊಂದರಲ್ಲಿ, ಒಂದೇ ಮನೆ ನಂಬರಿನಡಿ ಎರಡು ಹೆಸರು. ಒಬ್ಬ ಹೆಂಗಸು, ನಲವತ್ತು. ಒಬ್ಬ ಹುಡುಗ, ಆರು. ಜಾತಿ, ಬೀದಿ, ತಾರೀಖು. ಕೊನೆಯ ಷರಾ ಕಾಲಮ್ಮಿನಲ್ಲಿ ಒಂದೇ ಇಂಗ್ಲಿಷ್ ಪದ: ಕನ್ಸೀಲ್ಡ್. ಬಚ್ಚಿಟ್ಟಿದ್ದಳು.

ಅವಳ ಬಗ್ಗೆ ಜಗತ್ತಿನಲ್ಲಿ ಉಳಿದಿರೋದು ಇಷ್ಟೇ. ಆಮೇಲೆ ಎಷ್ಟು ಫೈಲು ತಿರುವಿ ಹಾಕಿದರೂ ಅವಳಾಗಲಿ ಹುಡುಗನಾಗಲಿ ಮತ್ತೆ ಸಿಗಲಿಲ್ಲ.

ಈ ಸಾಲನ್ನು ನಾನು ಯಾರಿಗೇ ಹೇಳಲಿ, ಗೆಳತಿಗೆ, ಅಮ್ಮನಿಗೆ, ಈಗ ಆಫೀಸಿನಲ್ಲಿ ಪಕ್ಕ ಕೂರುವವನಿಗೆ, ಎಲ್ಲರೂ ತಕ್ಷಣ ಹೇಳೋದು ಒಂದೇ: "ಅಯ್ಯೋ, ತಾಯಿ ಕರುಳು." ಪಟ್ಟಿಯಲ್ಲಿ ತಾಯಿ ಅಂತ ಇಲ್ಲ. ಅತ್ತೆಯೋ ಚಿಕ್ಕಮ್ಮನೋ ಅಜ್ಜಿಯೋ ಆಗಿರಬಹುದು. ನಲವತ್ತಕ್ಕೆ ಅಜ್ಜಿಯಾಗೋದು ಆಗ ದೊಡ್ಡ ವಿಷಯವೇನಲ್ಲ. ಪಕ್ಕದ ಮನೆಯ ಹುಡುಗನನ್ನು ನೋಡಿಕೊಳ್ಳುತ್ತಿದ್ದವಳೂ ಆಗಿರಬಹುದು. ಆದರೆ ಕೇಳುವವರಿಗೆ ತಾಯಿ ಬೇಕು. ನನಗೂ ಬೇಕಿತ್ತು ಅಂತಿಟ್ಟುಕೊಳ್ಳಿ. ತಾಯಿ ಅಂದುಬಿಟ್ಟರೆ ಅಧ್ಯಾಯ ತಾನಾಗಿ ನಡೆಯುತ್ತೆ, ಓದುವವರ ಕಣ್ಣು ಒದ್ದೆಯಾಗುತ್ತೆ, ಸರ್ಕಾರ ಖಳನಾಯಕ ಆಗುತ್ತೆ. ಅವಳು ಮಾತ್ರ ನಮ್ಮ ಕಥೆಯೊಳಗೆ ನಾವು ಕೊಟ್ಟ ಪಾರ್ಟು ಮಾಡಿಕೊಂಡು ನಿಂತಿರುತ್ತಾಳೆ.

ನಾನೀಗ ಕೆಲಸ ಮಾಡುವ ಕಂಪನಿಯಲ್ಲಿ ನನ್ನದು ಬಳಕೆದಾರರನ್ನು ಮಾತಾಡಿಸುವ ಕೆಲಸ. ಆ್ಯಪ್‌ನಲ್ಲಿ ಯಾವ ಬಟನ್ ಕಣ್ಣಿಗೆ ಬೀಳಲಿಲ್ಲ ಅಂತ ಕೇಳೋಕೂ ಮೊದಲು ಒಂದು ಕನ್ಸೆಂಟ್ ಫಾರ್ಮಿಗೆ ಸಹಿ ಹಾಕಿಸಿಕೊಳ್ಳಬೇಕು. ಹೆಸರು ಬಳಸಲ್ಲ, ರೆಕಾರ್ಡಿಂಗ್ ಇಷ್ಟು ದಿನಕ್ಕೆ ಅಳಿಸ್ತೀವಿ, ಬೇಡ ಅನ್ನಿಸಿದರೆ ಮಧ್ಯದಲ್ಲೇ ಎದ್ದು ಹೋಗಬಹುದು. ಬಟನ್ನಿನ ವಿಷಯಕ್ಕೆ ಇಷ್ಟು ಮರ್ಯಾದೆ! ಆ ಹೆಂಗಸಿನ ಬದುಕಿನ ಬಹುಶಃ ಅತ್ಯಂತ ಕೆಟ್ಟ ದಿನವನ್ನು ನಾನು ಯಾರ ಸಹಿಯೂ ಇಲ್ಲದೆ ಓದಿದೆ, ನೋಟ್ಸ್ ಮಾಡಿಕೊಂಡೆ, ಅಂಕ ತಗೊಂಡೆ.

ಸತ್ತವರಿಗೆ ಎಂಥ ಪ್ರೈವಸಿ ಅಂತ ನೀವು ಕೇಳಬಹುದು. ಕಾನೂನಿನಲ್ಲಿ ಅದಕ್ಕೆ ಉತ್ತರ ಸುಲಭ. ಹಳೆಯ ಸರ್ಕಾರಿ ದಾಖಲೆ, ಸಾರ್ವಜನಿಕರ ಆಸ್ತಿ, ಯಾರು ಬೇಕಾದರೂ ನೋಡಬಹುದು. ಮನಸ್ಸಿಗೆ ಮಾತ್ರ ಆ ಉತ್ತರ ಸಾಲುವುದಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ನೂರಿಪ್ಪತ್ತೈದು ವರ್ಷ ಹಿಂದೆ ಹೋಗಬೇಕಿಲ್ಲ. 2020ರ ಮಾರ್ಚ್ ನೆನಪಿಸಿಕೊಳ್ಳಿ. ವಿದೇಶದಿಂದ ಬಂದವರ ಕೈಗೆ ಮುದ್ರೆ, ಮನೆ ಬಾಗಿಲಿಗೆ ನೋಟಿಸು. ಬೆಂಗಳೂರಿನಲ್ಲಿ ಕ್ವಾರಂಟೈನ್ ಆದವರ ಮನೆ ವಿಳಾಸಗಳ ಪಟ್ಟಿಯನ್ನೇ ಬಹಿರಂಗ ಮಾಡಿದರು, ಅದು ವಾಟ್ಸಾಪ್‌ನಲ್ಲಿ ಮನೆಮನೆ ಸುತ್ತಿತು. ಅಂದಹಾಗೆ, ಆ ತಿಂಗಳು ರಾಜ್ಯ ಸರ್ಕಾರ ಕೊರೊನಾ ನಿಯಮಗಳನ್ನು ಹೊರಡಿಸಿದ್ದು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಕೆಳಗೆ. ಬ್ರಿಟಿಷ್ ಸರ್ಕಾರ ಮುಂಬೈ ಪ್ಲೇಗಿಗೆ ಹೆದರಿ ಮಾಡಿದ ಅದೇ ಕಾಯ್ದೆ. ಆ ವಿಳಾಸದ ಪಟ್ಟಿ ಎಲ್ಲೋ ಯಾವುದೋ ಸರ್ವರಿನಲ್ಲಿ ಉಳಿದಿರುತ್ತೆ. ಇನ್ನು ನೂರಿಪ್ಪತ್ತು ವರ್ಷಕ್ಕೆ ಒಬ್ಬ ಬಿಎ ಹುಡುಗ ಅದನ್ನು ತೆಗೆದು, ನಿಮ್ಮ ಬೀದಿ, ನಿಮ್ಮ ಅಪಾರ್ಟ್‌ಮೆಂಟಿನ ನಂಬರು ನೋಡಿ, ನೀವು ಯಾಕೆ ಹಾಗೆ ಮಾಡಿದಿರಿ ಅಂತ ಒಂದು ಪ್ಯಾರಾ ಬರೀತಾನೆ ಅಂದ್ಕೊಳ್ಳಿ. ಅವನು ನಿಮ್ಮ ಅನುಮತಿ ಕೇಳಲಿಲ್ಲ ಅಂತ ನಿಮಗೆ ಬೇಜಾರಾಗುತ್ತೋ ಇಲ್ಲವೋ. ನನಗಾದರೆ ಅವನು ಓದಿದ ಅಂತ ಬೇಜಾರಿಲ್ಲ. ನಾನು ಹೆದರುಪುಕ್ಕಲಿ, ಇಲ್ಲಾ ನಾನು ಧೀರೆ ಅಂತ ಆ ಒಂದು ವಿಳಾಸದಿಂದಲೇ ತೀರ್ಮಾನ ಮಾಡಿಬಿಟ್ಟರೆ ಬೇಜಾರು.

ಹೀಗೆ ಯೋಚಿಸಿದ ಮೇಲೆ ಅನುಮತಿಯ ಪ್ರಶ್ನೆ ನನಗೆ ಸ್ವಲ್ಪ ಹಿಂದೆ ಸರಿಯಿತು. ಓದಬಹುದು. ಓದಿದ ಮೇಲೆ ಹೇಗೆ ಹೇಳಬೇಕು ಅನ್ನೋದರಲ್ಲಿ ಋಣ ಇದೆ.

ಮೊದಲು ಎಕ್ಸೆಲ್‌ನಲ್ಲಿ ಅದು ಎದುರಾಯಿತು. ಪಟ್ಟಿಗಳನ್ನೆಲ್ಲ ಶೀಟಿಗೆ ಇಳಿಸುತ್ತಿದ್ದೆ, ಕ್ಯಾಂಪಿಗೆ ಹೋದವರು ಎಷ್ಟು, ಯಾವ ಬೀದಿ, ಯಾಕೆ. "ಸಾಗಿಸಲು ಕಾರಣ" ಅನ್ನುವ ಕಾಲಮ್ಮಿನಲ್ಲಿ ಅವಳ ಸಾಲಿಗೆ ಕನ್ಸೀಲ್ಡ್ ಅಂತ ಟೈಪ್ ಮಾಡಬೇಕು, ಎದುರಿಗೆ 1. ಫಿಲ್ಟರ್ ಹಾಕಿದರೆ ಬಚ್ಚಿಟ್ಟವರ ಸಂಖ್ಯೆ ಬರುತ್ತೆ, ಅದರಿಂದ ಚಾರ್ಟು. ನಮ್ಮಲ್ಲಿ ಯಾರಾದರೂ ಡೇಟಾ ಜೊತೆ ಕೆಲಸ ಮಾಡಿದ್ದರೆ ಇದು ಗೊತ್ತಿರುತ್ತೆ: ಕಾಲಮ್ಮಿನ ತಲೆಬರಹ ಕೊಟ್ಟವನು ಅರ್ಧ ಉತ್ತರವನ್ನೂ ಕೊಟ್ಟುಬಿಟ್ಟಿರುತ್ತಾನೆ. 1898ರಲ್ಲಿ ಒಬ್ಬ ಗುಮಾಸ್ತ ಹೊರಿಸಿದ ಆರೋಪ, ನಾನು ಎಂಟರ್ ಒತ್ತಿದ ಕೂಡಲೇ 2024ರಲ್ಲಿ ಒಂದು ಅಂಕಿಅಂಶ. ನಡುವೆ ಯಾರೂ ವಿಚಾರಣೆ ಮಾಡಿಲ್ಲ.

ಪ್ರಬಂಧ ಬರೆದದ್ದು ಇಂಗ್ಲಿಷಿನಲ್ಲಿ. ಆದರೆ ಆ ಪದದ ಒಳಗೆ ಏನಿದೆ ಅಂತ ನನಗೆ ಕಂಡದ್ದು ಅದನ್ನು ಕನ್ನಡದಲ್ಲಿ ಹೇಳಿಕೊಂಡಾಗ. ಬಚ್ಚಿಟ್ಟಳು. ಮನೆಯಲ್ಲೇ ಇಟ್ಟುಕೊಂಡಳು. ಕಾಪಾಡಿದಳು. ಕಳಿಸಲಿಲ್ಲ. ನಾಲ್ಕೂ ಒಂದೇ ಘಟನೆಗೆ ಹೊಂದುತ್ತವೆ, ನಾಲ್ಕರಲ್ಲೂ ತೀರ್ಪು ಬೇರೆ. ಬಚ್ಚಿಟ್ಟಳು ಅಂದರೆ ಹುಡುಕುವವನು ಸರಿ. ಕಾಪಾಡಿದಳು ಅಂದರೆ ಅವಳು ಸರಿ. ಕಳಿಸಲಿಲ್ಲ ಅಂದರೆ ಕಳಿಸೋದು ಅವಳ ಕರ್ತವ್ಯವಾಗಿತ್ತು ಅನ್ನೋ ದನಿ ಬರುತ್ತೆ. ಇಟ್ಟುಕೊಂಡಳು ಅನ್ನೋದು ಸ್ವಲ್ಪ ತಟಸ್ಥ ಅನಿಸುತ್ತೆ, ಆದರೂ ನಮ್ಮ ಭಾಷೆಯಲ್ಲಿ ಅದಕ್ಕೆ ಬೇರೆ ಅರ್ಥಗಳೂ ಇವೆ, ನಿಮಗೆ ಗೊತ್ತಲ್ಲ. ಇನ್ನೊಂದು ಸಂಗತಿ: ಆ ಗುಮಾಸ್ತ ಬಹುಶಃ ಬಾಗಿಲಲ್ಲಿ ನಡೆದ ಮಾತನ್ನು ಯಾವುದೋ ದೇಶಭಾಷೆಯಲ್ಲಿ ಕೇಳಿಸಿಕೊಂಡು, ಒಂದೂವರೆ ಇಂಚು ಅಗಲದ ಕಾಲಮ್ಮಿಗೆ ಹಿಡಿಸುವ ಹಾಗೆ ಇಂಗ್ಲಿಷಿಗೆ ತಿರುಗಿಸಿದ. ಅವಳು ಏನಂದಳೋ. ಕನ್ನಡವೋ ತಮಿಳೋ ತೆಲುಗೋ ದಖನಿಯೋ. ಆ ವಾಕ್ಯ ಹೋಯಿತು.

ಇಲ್ಲಿ ನನಗೆ ದಾರಿ ತೋರಿಸಿದ್ದು ರಣಜಿತ್ ಗುಹಾ ಬರೆದ 'ಚಂದ್ರಾಸ್ ಡೆತ್' ಅನ್ನುವ ಪ್ರಬಂಧ. 1987ರಲ್ಲಿ ಸಬಾಲ್ಟರ್ನ್ ಸ್ಟಡೀಸ್‌ನ ಐದನೇ ಸಂಪುಟದಲ್ಲಿ ಬಂದದ್ದು. ಅದೇ ಸಂಪುಟದಲ್ಲಿ ಡೇವಿಡ್ ಆರ್ನಾಲ್ಡ್ ಭಾರತದ ಪ್ಲೇಗಿನ ಬಗ್ಗೆ ಬರೆದ ಪ್ರಬಂಧವೂ ಇದೆ. ನಾನು ಆ ಪುಸ್ತಕ ತೆಗೆದದ್ದೇ ಆರ್ನಾಲ್ಡ್‌ಗೋಸ್ಕರ, ಸಿಕ್ಕಿಹಾಕಿಕೊಂಡದ್ದು ಗುಹಾ ಹತ್ತಿರ. ಚಂದ್ರಾ 1849ರಲ್ಲಿ ಬಂಗಾಳದ ಬೀರ್‌ಭೂಮ್ ಸೀಮೆಯಲ್ಲಿ ಬದುಕಿದ್ದ ಬಾಗ್ದಿ ಜಾತಿಯ ಬಡ ಹೆಂಗಸು. ಸಂಬಂಧಿಕನೊಬ್ಬನಿಂದ ಬಸಿರಾದಳು. ಗರ್ಭ ತೆಗೆಸದಿದ್ದರೆ ಅವಳನ್ನು ಜಾತಿಯಿಂದಾಚೆ ಹಾಕಿಸುತ್ತೇನೆ ಅಂತ ಅವನು ತಾಯಿಗೆ ಹೇಳಿದ. ತಾಯಿ ಮತ್ತು ಸಹೋದರಿ ಔಷಧಿ ತಂದು ಕುಡಿಸಿದರು, ಚಂದ್ರಾ ಸತ್ತಳು. ಉಳಿದಿರೋದು ಆಮೇಲೆ ಬರೆಸಿಕೊಂಡ ಕೆಲವು ಹೇಳಿಕೆಗಳು ಮಾತ್ರ. ಅಲ್ಲಿ ಮನೆಯವರ ದುಃಖ ತಪ್ಪೊಪ್ಪಿಗೆಯ ಅಚ್ಚಿನಲ್ಲಿ ಕೂತಿದೆ, ಸಾವು ಕೊಲೆ ಅನ್ನುವ ಹೆಸರಿಗೆ ಬಂದಿದೆ. ಗುಹಾ ಆ ಅಚ್ಚನ್ನು ಒಡೆದು ಓದುತ್ತಾರೆ. ಅವಳನ್ನು ಉಳಿಸಿಕೊಳ್ಳಲು ನೋಡಿದ ಹೆಂಗಸರು ಹೇಗೆ ಕಾನೂನಿನ ಕಣ್ಣಿಗೆ ಅಪರಾಧಿಗಳಾದರು ಅನ್ನೋದನ್ನು ಒಂದೊಂದೇ ಪದ ಹಿಡಿದು ತೋರಿಸುತ್ತಾರೆ.

ಅದನ್ನು ಓದಿದ ವಾರ ನನಗೆ ರೆಕ್ಕೆ ಬಂದ ಹಾಗಿತ್ತು. ಆದರೆ ನಮ್ಮ ಗೈಡ್ ಮೇಡಂ ಕೇಳಿದರು, "ಗುಹಾ ಹತ್ತಿರ ಹಲವು ಜನರ ಹೇಳಿಕೆ ಇತ್ತು. ನಿನ್ನ ಹತ್ತಿರ ಏನಿದೆ?"

ಒಂದು ಪದ ಇತ್ತು.

ಎಷ್ಟು ಊಹಿಸಬಹುದು ಅನ್ನೋದು ಇತಿಹಾಸಕಾರರ ಹಳೆಯ ಜಗಳ. ನಟಾಲಿ ಜೀಮನ್ ಡೇವಿಸ್ 1983ರಲ್ಲಿ ಮಾರ್ಟಿನ್ ಗೇರ್ ಬಗ್ಗೆ ಪುಸ್ತಕ ಬರೆದರು. ಹದಿನಾರನೇ ಶತಮಾನದ ಫ್ರಾನ್ಸಿನ ಹಳ್ಳಿಯಿಂದ ಕಾಣೆಯಾದ ಗಂಡ, ಅವನ ಹೆಸರಿನಲ್ಲಿ ಬಂದು ಸಂಸಾರ ಮಾಡಿದ ಇನ್ನೊಬ್ಬ, 1560ರಲ್ಲಿ ಅವನಿಗೆ ಗಲ್ಲು. ಹೆಂಡತಿ ಬೆರ್ಟ್ರಾಂಡ್‌ಗೆ ಇವನು ತನ್ನ ಗಂಡನಲ್ಲ ಅಂತ ಗೊತ್ತಿತ್ತು, ಗೊತ್ತಿದ್ದೇ ಒಪ್ಪಿಕೊಂಡಳು ಅನ್ನೋದು ಡೇವಿಸ್ ಓದು. 1988ರಲ್ಲಿ ರಾಬರ್ಟ್ ಫಿನ್ಲೆ ಅನ್ನುವವರು, ದಾಖಲೆಯಲ್ಲಿ ಇದಕ್ಕೆ ಆಧಾರ ಎಲ್ಲಿದೆ, ಆ ಹೆಂಗಸು ಮೋಸಹೋದವಳು, ನೀವು ಅವಳನ್ನು ನಿಮಗೆ ಬೇಕಾದ ನಾಯಕಿ ಮಾಡಿಕೊಂಡಿದ್ದೀರಿ ಅಂತ ಜಾಡಿಸಿದರು. ಡೇವಿಸ್ ಅಷ್ಟೇ ಖಡಕ್ಕಾಗಿ ಉತ್ತರ ಕೊಟ್ಟರು. ನಾನು ಡೇವಿಸ್ ಕಡೆ. ಅವರು 'ಬಹುಶಃ' ಅನ್ನೋದನ್ನು ಮುಚ್ಚಿಡಲಿಲ್ಲ, ಓದುವವರ ಎದುರಿಗೇ ಇಟ್ಟರು. ಮೋಸಹೋದವಳು ಅನ್ನೋದೂ ಒಂದು ಊಹೆಯೇ, ಅದಕ್ಕೆ ಯಾರೂ ಆಧಾರ ಕೇಳಲ್ಲ ಅನ್ನೋದೇ ವ್ಯತ್ಯಾಸ.

ಕನ್ನಡದಲ್ಲಿ ಇದಕ್ಕೆ ವ್ಯಾಕರಣವೇ ಇದೆ ಅನ್ನೋದು ನನಗೆ ಆಗ ಹೊಳೀತು. ಬಂದಳು ಅಂದರೆ ನಾನು ಕಂಡೆ ಅಥವಾ ಖಾತ್ರಿ. ಬಂದಳಂತೆ ಅಂದರೆ ಯಾರೋ ಹೇಳಿದ್ದು. ಬಂದಿರಬೇಕು, ಬಂದಿರಬಹುದು, ಬಂದಳೇನೋ. ನಮ್ಮ ಅಜ್ಜಿ ಪಕ್ಕದ ಮನೆಯ ಸುದ್ದಿ ಹೇಳುವಾಗ ಈ ಐದನ್ನೂ ಒಂದಕ್ಕೊಂದು ಬೆರೆಸದೆ ಬಳಸುತ್ತಿದ್ದಳು. ಯಾವುದನ್ನು ಕಣ್ಣಾರೆ ಕಂಡದ್ದು, ಯಾವುದು ತರಕಾರಿಯವಳು ಹೇಳಿದ್ದು ಅಂತ ಕೇಳಿದವರಿಗೆ ತಾನಾಗಿ ತಿಳಿಯುತ್ತಿತ್ತು. ಗುಮಾಸ್ತ ಬರೆದದ್ದನ್ನು ಇಂಗ್ಲಿಷಿನಲ್ಲಿ ಎತ್ತಿಕೊಂಡು ಬರೆಯುವಾಗ ಆ 'ಅಂತೆ' ಉದುರಿಹೋಗುತ್ತೆ. ಬಚ್ಚಿಟ್ಟಳಂತೆ ಅನ್ನೋದಕ್ಕೆ ಅಲ್ಲಿ ಒಂದಿಡೀ ವಾಕ್ಯ ಬೇಕು.

'ಗೊತ್ತಿಲ್ಲ' ಅಂತ ಬರೆದು ಮುಗಿಸಬಹುದಿತ್ತಲ್ಲ? ಅಷ್ಟು ಸುಲಭ ಇಲ್ಲ. ಎರಡು ಕಡೆಯಲ್ಲಿ ಒಂದು ಕಡೆ ಮಾತ್ರ ಬರೆದಿಟ್ಟಿರುವಾಗ, ಗೊತ್ತಿಲ್ಲ ಅಂತ ಸುಮ್ಮನಾಗೋದು ಅಂದರೆ ಬರೆದಿಟ್ಟವನ ಮಾತೇ ಉಳಿಯಲಿ ಅಂತ ಬಿಟ್ಟುಕೊಟ್ಟ ಹಾಗೆ. ಬಾಯಿಮುಚ್ಚಿಕೊಂಡಿರುವ ಪ್ರಾಮಾಣಿಕತೆಯನ್ನು ನಾನು ಪೂರ್ತಿ ನಂಬುವುದಿಲ್ಲ.

ಹಾಗಂತ ಗುಮಾಸ್ತನೂ ಸತ್ತವನೇ. ಅವನಿಗೂ ನ್ಯಾಯ ಬೇಕು. ಪ್ಲೇಗಿನ ರೋಗಾಣುವನ್ನು ಯೆರ್ಸಿನ್ ಗುರುತಿಸಿದ್ದು 1894ರಲ್ಲಿ. ಇಲಿಯ ಮೈಮೇಲಿನ ಚಿಗಟದಿಂದ ಅದು ಹರಡುತ್ತೆ ಅಂತ ಪೌಲ್ ಲೂಯಿ ಸಿಮೊಂ ಕರಾಚಿಯಲ್ಲಿ ಕಂಡುಕೊಂಡದ್ದು ಇದೇ 1898ರಲ್ಲಿ, ಅದನ್ನು ವೈದ್ಯಲೋಕ ಒಪ್ಪಿಕೊಳ್ಳೋಕೆ ಮತ್ತೆ ವರ್ಷಗಳು ಹಿಡಿದವು. ಬಾಗಿಲು ತಟ್ಟಿದವನಿಗೆ ಚಿಗಟದ ವಿಷಯ ಗೊತ್ತಿರಲಿಲ್ಲ. ಅವನು ಒಳಗೆ ಹೋಗೋಕೆ ಹೆದರಿಕೊಂಡೇ ಹೋಗಿರಬೇಕು. ಅವನ ಮನೆಯಲ್ಲೂ ಆರು ವರ್ಷದ ಮಗು ಇತ್ತೇನೋ. ರೋಗಿಯನ್ನು ಬೇರೆ ಇಟ್ಟರೆ ಉಳಿದವರು ಬದುಕಿಯಾರು ಅನ್ನುವುದು ಅವನ ಕಾಲದ ಅತ್ಯುತ್ತಮ ತಿಳಿವಳಿಕೆ. ಪಕ್ಕದ ಪುಣೆಯಲ್ಲಿ ಇದೇ ತಪಾಸಣೆಯ ಸಿಟ್ಟಿಗೆ 1897ರ ಜೂನಿನಲ್ಲಿ ಚಾಪೇಕರ್ ಸಹೋದರರು ರ್‍ಯಾಂಡ್‌ನನ್ನು ಗುಂಡಿಟ್ಟು ಕೊಂದದ್ದು ಇವನ ಕಿವಿಗೂ ಬಿದ್ದಿರುತ್ತೆ. ಇಷ್ಟೆಲ್ಲ ಲೆಕ್ಕ ಹಾಕಿದರೂ ಅವನ ಪದ ಸರಿ ಅಂತ ನನಗೆ ಅನಿಸುವುದಿಲ್ಲ. ಅವನು ಕೆಟ್ಟವನು ಅಂತಲೂ ಅನಿಸುವುದಿಲ್ಲ.

ನಮ್ಮಲ್ಲಿ ಬಹಳ ಜನಕ್ಕೆ ಪ್ಲೇಗು ಅಂದರೆ ಅನಂತಮೂರ್ತಿಯವರ 'ಸಂಸ್ಕಾರ'. ಅಲ್ಲಿ ನಾರಣಪ್ಪನ ಹೆಣ ಮನೆಯಲ್ಲಿ ಬಿದ್ದಿರುತ್ತೆ, ಸಂಸ್ಕಾರ ಮಾಡುವವರು ಯಾರು ಅಂತ ಇಡೀ ಅಗ್ರಹಾರ ವಾದ ಮಾಡುತ್ತೆ. ಗಮನಿಸಿದರೆ ಆ ವಾದವೆಲ್ಲ ಬದುಕಿರುವವರದ್ದು, ಅವರವರ ಮಡಿ, ಅವರವರ ಆಸೆ. ನಮ್ಮ ಸೆಮಿನಾರುಗಳಲ್ಲಿ ಕೂತಾಗ ನನಗೆ ಆ ಅಗ್ರಹಾರ ನೆನಪಾಗುತ್ತಿತ್ತು. ಅವಳು ಪ್ರತಿರೋಧ ತೋರಿದಳು ಅಂತ ಒಬ್ಬರು, ಅಜ್ಞಾನದಿಂದ ಹಾಗೆ ಮಾಡಿದಳು ಅಂತ ಇನ್ನೊಬ್ಬರು. ಇಬ್ಬರೂ ಮಾತಾಡುತ್ತಿದ್ದದ್ದು ಕೊರೊನಾ ಬಗ್ಗೆ, ಇವತ್ತಿನ ಸರ್ಕಾರದ ಬಗ್ಗೆ, ತಮ್ಮ ಬಗ್ಗೆ.

ಕೊನೆಗೆ ಕೈಗೆ ಬಂದ ಕಷ್ಟ ಹೆಸರಿನದು. ಪ್ರಬಂಧದಲ್ಲಿ ಅವಳ ಹೆಸರು ಹಾಕಬೇಕೆ? ಹಾಕದಿದ್ದರೆ, ಅವಳು ಇದ್ದಳು ಅನ್ನೋದಕ್ಕೆ ಇರುವ ಒಂದೇ ಗುರುತನ್ನೂ ನಾನೇ ಒರೆಸಿದ ಹಾಗೆ. ಅಧಿಕಾರಿಗಳ ಹೆಸರೆಲ್ಲ ಇನಿಷಿಯಲ್ ಸಮೇತ ಬರುತ್ತೆ, ಪ್ಲೇಗ್ ಕಮಿಷನರ್ ಆಗಿದ್ದ ವಿ.ಪಿ. ಮಾಧವರಾಯರು ಮುಂದೆ ದಿವಾನರೇ ಆದರು, ಇವಳು ಮಾತ್ರ 'ಒಬ್ಬ ಹೆಂಗಸು'. ಹಾಕಿದರೆ, ಆ ಹೆಸರಿನ ಪಕ್ಕ ಜಾತಿ ಇದೆ, ಬೀದಿ ಇದೆ, ಆರೋಪ ಇದೆ. ಆ ಬೀದಿ ಇವತ್ತಿಗೂ ಇದೆ. ನಮ್ಮ ಊರಿನಲ್ಲಿ ಜಾತಿಯೂ ಬೀದಿಯೂ ಸೇರಿದರೆ ಮನೆ ಹುಡುಕೋದು ಎಷ್ಟು ಹೊತ್ತಿನ ಕೆಲಸ? ರೋಗ ಮುಚ್ಚಿಟ್ಟ ಜನ ಅನ್ನೋ ಮಾತು ಒಂದು ಜಾತಿಗೋ ಧರ್ಮಕ್ಕೋ ಅಂಟಿಕೊಂಡರೆ ಏನಾಗುತ್ತೆ ಅಂತ 2020ರಲ್ಲಿ ನಾವೆಲ್ಲ ನೋಡಿದ್ದೇವೆ.

"ಪಬ್ಲಿಕ್ ರೆಕಾರ್ಡ್, ಹಾಕು" ಅಂದರು ಮೇಡಂ. "ಬೇಡ ಕಣೆ, ಯಾರ ಮನೆಯವಳೋ" ಅಂದಳು ಅಮ್ಮ. ಇಬ್ಬರ ಮಾತಿನಲ್ಲೂ ಹುರುಳಿದೆ. ನಾನು ಹೆಸರನ್ನು ಉಳಿಸಿಕೊಂಡೆ, ಬೀದಿ ಮತ್ತು ಮನೆ ನಂಬರು ಬಿಟ್ಟೆ. ಜಾತಿಯನ್ನು ಅವಳ ಹೆಸರಿನ ಪಕ್ಕದಿಂದ ತೆಗೆದು, ಇಡೀ ಪಟ್ಟಿಯ ಜಾತಿಗಳ ಲೆಕ್ಕ ಕೊಡುವ ಕೋಷ್ಟಕಕ್ಕೆ ಸೇರಿಸಿದೆ. ಫೈಲಿನ ನಂಬರು ಅಡಿಟಿಪ್ಪಣಿಯಲ್ಲಿದೆ, ಬೇಕಾದವರು ಹೋಗಿ ನೋಡಬಹುದು. ಅಷ್ಟು ಕಷ್ಟಪಡುವವರು ಕಲ್ಲು ಹೊಡೆಯೋಕೆ ಹೋಗಲಾರರು ಅನ್ನೋದು ನನ್ನ ನಂಬಿಕೆ. ಇಲ್ಲಿ, ಈ ಬರಹದಲ್ಲಿ, ಹೆಸರನ್ನೂ ಹಾಕಿಲ್ಲ. ಪ್ರಬಂಧ ಓದುವವರು ನಾಲ್ಕು ಜನ, ಇದನ್ನು ಓದುವವರು ಅದಕ್ಕಿಂತ ಜಾಸ್ತಿ ಅಂದುಕೊಂಡಿದ್ದೇನೆ. ಒಂದು ಕಡೆ ಸರಿಯಾದದ್ದು ಇನ್ನೊಂದು ಕಡೆ ಸರಿಯಾಗಲೇಬೇಕು ಅಂತೇನಿಲ್ಲ.

ಎಕ್ಸೆಲ್ ಶೀಟಿನಲ್ಲಿ ಕಾಲಮ್ಮಿನ ತಲೆಬರಹವನ್ನು "ಅಧಿಕಾರಿ ಬರೆದ ಷರಾ" ಅಂತ ಬದಲಾಯಿಸಿದೆ. ಚಾರ್ಟಿನ ಕೆಳಗೂ ಅದೇ. ಪಠ್ಯದಲ್ಲಿ ಅವಳಿಗೆ ಮೂರು ಪುಟ ಸಿಕ್ಕಿತು: ಒಂದೇ ಮನೆಯಲ್ಲಿ ನಲವತ್ತರ ಹೆಂಗಸು ಮತ್ತು ಆರರ ಹುಡುಗ ಇದ್ದರು, ಸಂಬಂಧ ದಾಖಲಾಗಿಲ್ಲ, ಅಧಿಕಾರಿ ಈ ಪದ ಬಳಸಿದ್ದಾನೆ, ಈ ಪದವನ್ನು ಅವನು ಬಳಸಿದ ಇತರ ಕಡೆಗಳು ಇವು, ಈ ಎಲ್ಲದರಿಂದ ಹೇಳಬಹುದಾದ ಮೂರು ಸಾಧ್ಯತೆಗಳು ಇವು, ನನಗೆ ಹೆಚ್ಚು ಸರಿ ಅನಿಸುವುದು ಎರಡನೆಯದು.

ವೈವಾದಲ್ಲಿ ಹೊರಗಿನಿಂದ ಬಂದಿದ್ದ ಪರೀಕ್ಷಕರು ಆ ಪುಟಗಳನ್ನು ಬೆರಳಲ್ಲಿ ತೆರೆದುಕೊಂಡು ಕೇಳಿದರು, "ಒಂದು ಸಾಲಿಗೆ ಮೂರು ಪುಟ ಯಾಕಮ್ಮ?"

"ಅವರ ಬಗ್ಗೆ ಇರೋದು ಅದೊಂದೇ ಸಾಲು ಸರ್."

ಅವರು ಸ್ವಲ್ಪ ಹೊತ್ತು ಪುಟ ನೋಡಿದರು. ಆಮೇಲೆ, ಎರಡನೇ ಸಾಧ್ಯತೆಯೇ ಯಾಕೆ, ಮೂರನೆಯದು ಯಾಕಾಗಬಾರದು ಅಂತ ಶುರು ಮಾಡಿದರು. ಮುಕ್ಕಾಲು ಗಂಟೆ ಅದರ ಮೇಲೇ ಹೋಯಿತು. ನಕ್ಷೆಗಳ ಬಗ್ಗೆ ಕೇಳೋಕೆ ಯಾರಿಗೂ ಟೈಮೇ ಉಳಿಯಲಿಲ್ಲ.